ಬಹುವಾರ್ಷಿಕ ಹೂವಿನ ಪಾತಿ: ನೆಲದ ಋಣ, ಬೇರಿನ ಬಾಳು

ಊರಿಂದೂರಿಗೆ ವರ್ಗವಾಗುವ ನೌಕರಿಯಲ್ಲಿರುವವರ ಮನೆಯನ್ನು ಅದರ ಅಂಗಳದಿಂದಲೇ ಗುರುತಿಸಬಹುದು. ಅಲ್ಲಿ ಹೂಗಿಡಗಳಿದ್ದರೆ ಅವು ಕುಂಡಗಳಲ್ಲಿರುತ್ತವೆ. ನೆಲದಲ್ಲಿದ್ದರೂ ಚೆಂಡುಹೂ, ಜೀನಿಯಾ, ಕರ್ಣಕುಂಡಲಗಳಂತೆ ಒಂದೇ ಋತುವಿನಲ್ಲಿ ಹುಟ್ಟಿ, ಅರಳಿ, ಬೀಜ ಕಟ್ಟಿ ಮುಗಿಯುವ ಜಾತಿಯವಾಗಿರುತ್ತವೆ. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕಾದವರು, ವರ್ಷದಿಂದ ವರ್ಷಕ್ಕೆ ಮೈತುಂಬಿಕೊಳ್ಳುವ ಮಲ್ಲಿಗೆಯನ್ನು ಯಾರ ಸಲುವಾಗಿ ನೆಡಬೇಕು? ಬಹುವಾರ್ಷಿಕ ಹೂವಿನ ಪಾತಿಯೆಂದರೆ ಕೇವಲ ತೋಟಗಾರಿಕೆಯ ವಿಷಯವಲ್ಲ. ‘ಇನ್ನು ಇಲ್ಲಿಯೇ ಇರುತ್ತೇವೆ’ ಎಂಬ ನಿರ್ಧಾರವೂ ಅದರಲ್ಲಿ ಅಡಗಿದೆ.

ಧಾರವಾಡದ ಕಡೆಯ ದಂಪತಿಗಳೊಬ್ಬರು ಮೂವತ್ತೈದು ವರ್ಷಗಳ ನೌಕರಿಯಲ್ಲಿ ಒಂಬತ್ತು ಊರು ಸುತ್ತಿ, 2011ರಲ್ಲಿ ನಿವೃತ್ತರಾಗಿ ಪುಣೆಯಲ್ಲಿ ನೆಲೆಸಿದರು. ಹಳೆಯ ವಸತಿ ಸಂಘವೊಂದರ ನೆಲಮಹಡಿಯ ಮನೆ. ಕಿಟಕಿಯ ಹೊರಗೆ, ಕಾಂಪೌಂಡು ಗೋಡೆಯವರೆಗೆ ಒಂದಿಷ್ಟು ಬರಿಯ ಜಾಗ. ಅಲ್ಲಿ ಏನಾದರೂ ಬೆಳೆಸಿಕೊಳ್ಳಲು ಸಂಘದ ಒಪ್ಪಿಗೆ ದೊರೆತ ದಿನ ಗೃಹಿಣಿ ಹೇಳಿದ ಮಾತನ್ನು ಯಜಮಾನರು ಇಂದಿಗೂ ನೆನೆಯುತ್ತಾರೆ: “ಕುಂಡದಾಗಿನ ಗಿಡಾ ಅಂದ್ರ ಬಾಡಿಗಿ ಮನಿ ಇದ್ದಂಗ್ರೀ. ನೆಲದಾಗ ಹಚ್ಚಿದ್ದು ಸ್ವಂತ ಮನಿ.”

ಆ ಪಾತಿ ಹದಿಮೂರು ವರ್ಷ ಬಾಳಿತು. ಅದು ಹೇಗೆ ಬಾಳಿತು, ಬಾಳಿಸಿದವರಿಗೆ ಏನನ್ನು ಕಲಿಸಿತು, ಕಡೆಗೆ ಏನಾಯಿತು ಎಂಬುದು ಪರಊರಿನಲ್ಲಿ ನೆಲೆಸಿರುವ ನಮ್ಮವರಿಗೆಲ್ಲ ಉಪಯುಕ್ತವಾದ ಸಂಗತಿಯಾಗಿದೆ.

ಬಹುವಾರ್ಷಿಕವೆಂದರೇನು?

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ನೋಡದ ಕನ್ನಡಿಗರು ವಿರಳ. ಪುಣೆಯ ಎಂಪ್ರೆಸ್ ಗಾರ್ಡನ್ನಿನಲ್ಲಿಯೂ ಪ್ರತಿವರ್ಷ ಜನವರಿಯಲ್ಲಿ ಇಂತಹುದೇ ಪ್ರದರ್ಶನ ನಡೆಯುತ್ತದೆ. ಅಲ್ಲಿ ಕಣ್ಣು ಕೋರೈಸುವ ಹೂಗಳಲ್ಲಿ ಬಹುಪಾಲು ಕುಂಡಗಳಲ್ಲಿ ಬೆಳೆಸಿ, ಆ ಹೊತ್ತಿಗೆ ಅರಳುವಂತೆ ಸಿದ್ಧಪಡಿಸಿ ತಂದಿರಿಸಿದಂತಹವು. ಪ್ರದರ್ಶನ ಮುಗಿದೊಡನೆ ಅವುಗಳ ಕಾರ್ಯವೂ ಮುಗಿಯುತ್ತದೆ. ಮನೆಯ ಪಾತಿಯನ್ನು ಆ ವೈಭವದೊಡನೆ ಹೋಲಿಸಿ ನಿರಾಶರಾಗುವವರು ಬಹಳ ಮಂದಿ.

ಬಹುವಾರ್ಷಿಕ ಸಸ್ಯಗಳ ರೀತಿ ಬೇರೆ. ದುಂಡುಮಲ್ಲಿಗೆ, ದಾಸವಾಳ, ನಂದಿಬಟ್ಟಲುಗಳು ಗಟ್ಟಿ ಕಾಂಡವುಳ್ಳ ಪೊದೆಗಳಾಗಿ ನಿಲ್ಲುತ್ತವೆ. ಸುಗಂಧರಾಜ, ಕಾಬಾಳೆಗಳು ನೆಲದೊಳಗಿನ ಗಡ್ಡೆಯಲ್ಲಿ ಆಹಾರವನ್ನು ಕೂಡಿಟ್ಟುಕೊಳ್ಳುತ್ತವೆ. ಸೇವಂತಿಗೆಯ ಹೂಬಿಟ್ಟ ಕಾಂಡ ಒಣಗಿದರೂ ಅದರ ಬುಡದಿಂದ ಹೊಸ ಕಂದುಗಳು ಏಳುತ್ತವೆ. ಒಟ್ಟಿನಲ್ಲಿ ಹೂವು ಈ ಗಿಡಗಳ ವರ್ಷದ ವರಮಾನ. ಬೇರು ಅವುಗಳ ಬಂಡವಾಳ. ವರಮಾನದ ಮೇಲೆಯೇ ಕಣ್ಣಿಟ್ಟು ಬಂಡವಾಳವನ್ನು ಮರೆತವನ ಪಾತಿ ಮೂರನೆಯ ವರ್ಷಕ್ಕೆ ಬರಿದಾಗುತ್ತದೆ. ‘ಒಮ್ಮೆ ನೆಟ್ಟರೆ ಸಾಕು, ಮತ್ತೆ ನೋಡಬೇಕಾಗಿಲ್ಲ’ ಎಂಬುದು ಬಹುವಾರ್ಷಿಕಗಳ ವಿಷಯದಲ್ಲಿ ಪ್ರಚಲಿತವಾಗಿರುವ ದೊಡ್ಡ ತಪ್ಪು ತಿಳಿವಳಿಕೆ. ಇವುಗಳಿಗೆ ಬೇಕಾದ ಆರೈಕೆ ಅಲ್ಪ. ಆದರೆ ಅದು ಎಂದಿಗೂ ನಿಲ್ಲುವಂತಿಲ್ಲ.

ನೆಲದ ಸಿದ್ಧತೆ

ಮೇಲೆ ಹೇಳಿದ ದಂಪತಿಗಳು ಮೊದಲ ವರ್ಷ ಕಂಡದ್ದು ಸೋಲನ್ನೇ. ಪುಣೆಯ ಅನೇಕ ಭಾಗಗಳಲ್ಲಿ ಇರುವಂತೆ ಅಲ್ಲಿಯೂ ಜಿಗುಟಾದ ಕಪ್ಪು ಮಣ್ಣು. ಬೇಸಗೆಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಡುವುದು ಅದರ ಗುಣ. ಜೂನ್ ತಿಂಗಳಲ್ಲಿ ಉತ್ಸಾಹದಿಂದ ನೆಟ್ಟ ಸಸಿಗಳಲ್ಲಿ ಅರ್ಧಕ್ಕರ್ಧ ಆಗಸ್ಟ್ ಹೊತ್ತಿಗೆ ಬೇರು ಕೊಳೆತು ಸತ್ತವು. ನೀರಿಲ್ಲದೆ ಸಾಯುವ ಗಿಡಕ್ಕಿಂತ ನೀರು ಹೆಚ್ಚಾಗಿ ಸಾಯುವ ಗಿಡಗಳೇ ಮನೆಯ ತೋಟಗಳಲ್ಲಿ ಅಧಿಕ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿಕೊಂಡರೆ ಬೇರಿಗೆ ಉಸಿರಾಡಲು ಗಾಳಿ ದೊರೆಯುವುದಿಲ್ಲ.

ಮರುವರ್ಷ ಬೇಸಗೆಯಲ್ಲಿ ಅವರು ಕ್ರಮವರಿತು ಕೆಲಸ ಹಿಡಿದರು. 12 ಅಡಿ ಉದ್ದ, 4 ಅಡಿ ಅಗಲದ ಪಾತಿಯನ್ನು ಗುರುತು ಮಾಡಿ, ಒಂದೂವರೆ ಅಡಿ ಆಳಕ್ಕೆ ಅಗೆಸಿ, ಮಣ್ಣನ್ನು ಎರಡು ವಾರ ಬಿಸಿಲಿಗೆ ಬಿಟ್ಟರು. ಅನಂತರ ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ, ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಪಾತಿಯನ್ನು ಏರಿಸಿ, ಅಂಚಿಗೆ ಇಟ್ಟಿಗೆ ಕಟ್ಟಿದರು. ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಸಂದು ಬಿಟ್ಟದ್ದರಿಂದ ಹೆಚ್ಚಿನ ನೀರು ಹೊರಗೆ ಹರಿಯಿತು. ಹಸಿ ಸಗಣಿಯನ್ನು ಎಂದಿಗೂ ಹಾಕಬಾರದು. ಅದು ಕಳಿಯುವಾಗ ಹುಟ್ಟುವ ಕಾವು ಎಳೆಯ ಬೇರುಗಳನ್ನು ಸುಡುತ್ತದೆ.

ಪಾತಿಯ ಅಗಲ ನಾಲ್ಕು ಅಡಿಗೆ ಮೀರಬಾರದೆಂಬುದಕ್ಕೆ ಕಾರಣವಿದೆ. ಎರಡು ಕಡೆಗಳಿಂದಲೂ ಕೈ ನಡುವಿನವರೆಗೆ ತಲುಪಬೇಕು. ಒಳಗೆ ಕಾಲಿಡುವ ಪ್ರಸಂಗ ಬರಬಾರದು. ತುಳಿದ ಮಣ್ಣು ಗಟ್ಟಿಯಾಗಿ, ಸಡಿಲಗೊಳಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಗೋಡೆಗೆ ತಾಗಿದ ಪಾತಿಯಾದರೆ ಎರಡೂವರೆ ಅಡಿ ಅಗಲವೇ ಸಾಕು. ದಿನಕ್ಕೆ ಐದಾರು ಗಂಟೆಗಳಾದರೂ ಬಿಸಿಲು ಬೀಳುವ ಜಾಗವನ್ನೇ ಆರಿಸಬೇಕು.

ಯಾವ ಗಿಡಕ್ಕೆ ಯಾವ ಸ್ಥಾನ?

ಗೋಡೆಯ ಬದಿಗೆ ಎತ್ತರಕ್ಕೆ ಬೆಳೆಯುವ ದಾಸವಾಳ ಮತ್ತು ನಂದಿಬಟ್ಟಲು, ನಡುವೆ ದುಂಡುಮಲ್ಲಿಗೆ, ಸುಗಂಧರಾಜ, ಸೇವಂತಿಗೆ, ಮುಂದೆ ಅಬ್ಬಲಿಗೆ ಮತ್ತು ನಿತ್ಯಪುಷ್ಪ, ಮೂಲೆಯಲ್ಲಿ ಕಾಬಾಳೆ. ಇದು ಆ ಪಾತಿಯ ವ್ಯವಸ್ಥೆಯಾಗಿತ್ತು. ಪೊದೆಗಳ ನಡುವೆ ಮೂರು ಅಡಿ, ಸಣ್ಣ ಗಿಡಗಳ ನಡುವೆ ಒಂದು ಅಡಿ ಅಂತರ ಬಿಡಲಾಗಿತ್ತು. ಮೊದಲ ವರ್ಷ ಪಾತಿ ಬೋಳಾಗಿ ಕಂಡಿತು. ನೋಡಿದವರು ‘ಇನ್ನೂ ನಾಲ್ಕು ಹಚ್ಚಬಾರದೆ?’ ಎಂದರು. ಆದರೆ ಗಿಡದ ಮೂರನೆಯ ವರ್ಷದ ಗಾತ್ರವನ್ನು ನೆನೆದು ಅಂತರ ಬಿಡಬೇಕೇ ಹೊರತು ನೆಡುವ ದಿನದ ಗಾತ್ರವನ್ನು ನೋಡಿ ಅಲ್ಲ.

ನೆರೆಹೊರೆಯ ಮರಾಠಿ ಗೃಹಿಣಿಯರೊಡನೆ ಪರಿಚಯ ಬೆಳೆದದ್ದೂ ಈ ಪಾತಿಯ ಮೂಲಕವೇ. ಮೈಸೂರಿನವರ ಕನಕಾಂಬರ ಧಾರವಾಡದವರಿಗೆ ಅಬ್ಬಲಿಗೆ. ಅದೇ ಮರಾಠಿಯಲ್ಲಿ ಅಬೋಲಿ. ದುಂಡುಮಲ್ಲಿಗೆ ಅವರಲ್ಲಿ ಮೋಗರಾ, ಸುಗಂಧರಾಜ ನಿಶಿಗಂಧ, ನಿತ್ಯಪುಷ್ಪ ಸದಾಫುಲಿ, ದಾಸವಾಳ ಜಾಸ್ವಂದ. ಸೇವಂತಿಗೆ ಮಾತ್ರ ಎರಡು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಭಾಷೆ ಬಾರದ ಮೊದಲ ದಿನಗಳಲ್ಲಿ ಈ ಹೂಗಳ ಹೆಸರುಗಳೇ ಮಾತಿನ ಸೇತುವೆಯಾದವು.

ಒಂದು ಗಿಡ ಮಾತ್ರ ಹೊಂದಿಕೊಳ್ಳಲಿಲ್ಲ. ಕರಾವಳಿಯ ನೆಂಟರು ಪ್ರೀತಿಯಿಂದ ಕೊಟ್ಟ ಕೇಪಳದ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಯಾಯಿತು. ಗೊಬ್ಬರದ ಮೇಲೆ ಗೊಬ್ಬರ ಹಾಕಿದರೂ ಗುಣ ಕಾಣಲಿಲ್ಲ. ಕೇಪಳ ಹುಳಿಯ ಅಂಶವುಳ್ಳ ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಒಗ್ಗಿದ ಗಿಡ. ಸುಣ್ಣದ ಅಂಶ ಹೆಚ್ಚಾಗಿರುವ ಕಪ್ಪು ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಎದುರಿಗೆ ಅನ್ನವಿದ್ದೂ ಉಪವಾಸ. ಅದನ್ನು ಕಿತ್ತು, ಕೆಂಪು ಮಣ್ಣು ಮತ್ತು ಎಲೆಗೊಬ್ಬರ ತುಂಬಿದ ದೊಡ್ಡ ಕುಂಡಕ್ಕೆ ವರ್ಗಾಯಿಸಿದ ಮೇಲೆಯೇ ಅದು ಚೇತರಿಸಿಕೊಂಡಿತು. ಹುಟ್ಟಿದ ನೆಲದ ಒಂದಿಷ್ಟು ಮಣ್ಣನ್ನು ಸುತ್ತ ಇಟ್ಟುಕೊಂಡೇ ಪರಸ್ಥಳದಲ್ಲಿ ಬಾಳಬೇಕಾದ ಜೀವಿಗಳಿವೆ. ಇದಕ್ಕಾಗಿ ಆ ಗಿಡವನ್ನು ಹಳಿಯುವುದು ನ್ಯಾಯವಲ್ಲ.

ವರ್ಷದ ಕಾರ್ಯಕ್ರಮ

ಬಹುವಾರ್ಷಿಕ ಪಾತಿಯ ಕೆಲಸ ಋತುಮಾನವನ್ನು ಅನುಸರಿಸಿ ನಡೆಯತಕ್ಕದ್ದು.

ನವೆಂಬರ್ ಕೊನೆಯಿಂದ ಜನವರಿಯವರೆಗೆ ದುಂಡುಮಲ್ಲಿಗೆಗೆ ವಿಶ್ರಾಂತಿಯ ಕಾಲ. ನೀರನ್ನು ಕಡಿಮೆ ಮಾಡಿ, ಬಳಿಕ ಗಿಡವನ್ನು ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಸವರಬೇಕು. ಒಣಗಿದ, ಸಿಕ್ಕುಬಿದ್ದ ಕಡ್ಡಿಗಳನ್ನು ಬುಡಕ್ಕೇ ಕತ್ತರಿಸಿ ತೆಗೆಯಬೇಕು. ಹೊಸದಾಗಿ ಸವರುವವರ ಕೈ ನಡುಗುವುದು ಸಹಜ. ಆದರೆ ಮಲ್ಲಿಗೆಯ ಮೊಗ್ಗು ಹೊಸ ಚಿಗುರಿನಲ್ಲಿ ಮೂಡುವುದೇ ಹೊರತು ಹಳೆಯ ಕಡ್ಡಿಯಲ್ಲಲ್ಲ. ಕತ್ತರಿಗೆ ಹೆದರಿದವನಿಗೆ ಎಲೆ ದೊರೆತೀತು, ಹೂವು ದೊರೆಯಲಾರದು. ಸವರಿದ ಮೇಲೆ ಬುಡ ಬಿಡಿಸಿ, ಎರಡು ಬುಟ್ಟಿ ಗೊಬ್ಬರವನ್ನೂ ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಕೊಟ್ಟು ನೀರು ಹಾಯಿಸಿದರೆ ಮಾರ್ಚ್‌ನಿಂದ ಮೊಗ್ಗು ಕಾಣುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸುಗಂಧರಾಜದ ಗಡ್ಡೆಗಳನ್ನು ನೆಡುವ ಕಾಲ. ಈ ಗಡ್ಡೆ ಒಂದೇ ಜಾಗದಲ್ಲಿ ಮೂರು ವರ್ಷ ಇರಬಹುದು. ಆ ಬಳಿಕ ಮರಿಗಡ್ಡೆಗಳು ಒತ್ತೊತ್ತಾಗಿ ಹೂದಂಡು ಸಣ್ಣದಾಗುತ್ತದೆ. ಆಗ ಎಲ್ಲವನ್ನೂ ಅಗೆದು, ಬೇರ್ಪಡಿಸಿ, ದಪ್ಪನೆಯವನ್ನು ಮಾತ್ರ ಮರಳಿ ನೆಡಬೇಕು. ಕಾಬಾಳೆಯನ್ನೂ ಎರಡು ವರ್ಷಕ್ಕೊಮ್ಮೆ ಹೀಗೆಯೇ ಬಿಡಿಸಿ ಮಳೆಗೆ ಮುನ್ನ ನೆಡುವುದು ಲೇಸು. ಹೂ ಮುಗಿದ ಕಾಂಡವನ್ನು ನೆಲದ ಮಟ್ಟಕ್ಕೆ ಕತ್ತರಿಸಿದರೆ ಬದಿಯ ಕಂದು ಮೇಲೇಳುತ್ತದೆ.

ಬೇಸಗೆಯಲ್ಲಿ ಒಣಗಿದ ಎಲೆಗಳನ್ನು ಎರಡು ಅಂಗುಲ ದಪ್ಪಕ್ಕೆ ಬುಡದ ಸುತ್ತ ಹೊದಿಸಬೇಕು; ನೀರು ಆರುವುದು ಬಹಳ ಮಟ್ಟಿಗೆ ತಗ್ಗುತ್ತದೆ. ಹೊದಿಕೆ ಕಾಂಡಕ್ಕೆ ತಾಗದಂತೆ ಎಚ್ಚರ ವಹಿಸಬೇಕು. ನೀರು ಬೇಕೋ ಬೇಡವೋ ಎಂಬುದನ್ನು ಗಡಿಯಾರ ಹೇಳಲಾರದು. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ, ತೇವವಿದ್ದರೆ ಆ ದಿನ ನೀರು ಬೇಡವೆಂದು ತಿಳಿಯಬೇಕು.

ಅಬ್ಬಲಿಗೆಗೆ ಅರೆನೆರಳು ಹಿತ. ಅದರ ಬೇರಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳು ಗಂಟು ಕಟ್ಟಿಸಿ ಗಿಡವನ್ನು ಸೊರಗಿಸುವುದುಂಟು. ಅದರ ಸಾಲಿನ ನಡುವೆ ಚೆಂಡುಹೂವನ್ನು ಬೆಳೆಸಿದರೆ ಈ ಹುಳುಗಳ ಹಾವಳಿ ಕಡಿಮೆಯಾಗುತ್ತದೆ. ಚೆಂಡುಹೂವಿನ ಬೇರು ಹೊರಸೂಸುವ ದ್ರವ್ಯ ಅವಕ್ಕೆ ಮಾರಕ. ದಾಸವಾಳಕ್ಕೆ ಬರುವ ಬಿಳಿಯ ಹಿಟ್ಟುತಿಗಣೆಗೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ನೀರಿನೊಡನೆ ಕದಡಿ ಸಂಜೆಯ ವೇಳೆ ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಸೇವಂತಿಗೆ ಮತ್ತು ದೀಪ

ಸೇವಂತಿಗೆಯ ಕಥೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಹೂ ಮುಗಿದ ಮೇಲೆ ಬುಡದಿಂದ ಏಳುವ ಕಂದುಗಳನ್ನು ಬಿಡಿಸಿ ನೆಟ್ಟು, ಜುಲೈ ತಿಂಗಳಲ್ಲಿ ಕುಡಿಯನ್ನು ಒಂದೆರಡು ಬಾರಿ ಚಿವುಟಿದರೆ ಗಿಡ ಕವಲೊಡೆದು ಗುಂಡಗಾಗುತ್ತದೆ. ಆ ಮನೆಯವರು ಪ್ರತಿವರ್ಷವೂ ಹೀಗೆ ಮಾಡಿ ದೀಪಾವಳಿಯ ಹೊತ್ತಿಗೆ ಹೂ ಕಾಣುತ್ತಿದ್ದರು. ಆದರೆ 2018ರಲ್ಲಿ ಒಂದು ವಿಚಿತ್ರ ನಡೆಯಿತು. ಪಾತಿಯ ಒಂದು ತುದಿಯ ಗಿಡಗಳು ಎಂದಿನಂತೆ ಅರಳಿದವು. ಗೇಟಿನ ಕಡೆಯ ಗಿಡಗಳು ಹಸಿರಾಗಿ ಎತ್ತರಕ್ಕೆ ಬೆಳೆದವೇ ಹೊರತು ಒಂದು ಮೊಗ್ಗನ್ನೂ ಬಿಡಲಿಲ್ಲ. ಮಣ್ಣು ಒಂದೇ, ನೀರು ಒಂದೇ, ಗೊಬ್ಬರವೂ ಒಂದೇ.

ಕಾರಣ ಮಣ್ಣಿನಲ್ಲಿರಲಿಲ್ಲ, ಕಂಬದ ಮೇಲಿತ್ತು. ಆ ಮಳೆಗಾಲದಲ್ಲಿ ಸಂಘದವರು ಕಾವಲಿನ ಸಲುವಾಗಿ ಗೇಟಿನ ಬಳಿ ಪ್ರಖರವಾದ ದೀಪವನ್ನು ಹಾಕಿಸಿದ್ದರು. ಸೇವಂತಿಗೆ ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗೊಡೆಯುವ ಗಿಡ. ಹಗಲು ಇರುಳುಗಳ ಅವಧಿಗೂ ಹೂ ಬಿಡುವುದಕ್ಕೂ ಇರುವ ಈ ಸಂಬಂಧವನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ರಾತ್ರಿಯಿಡೀ ಬೆಳಕು ಬಿದ್ದರೆ ಆ ಗಿಡಕ್ಕೆ ಚಳಿಗಾಲ ಬಂದುದೇ ತಿಳಿಯುವುದಿಲ್ಲ. ದೀಪಕ್ಕೆ ತಗಡಿನ ಮರೆಯೊಂದನ್ನು ಕಟ್ಟಿಸಿ ಬೆಳಕನ್ನು ದಾರಿಯ ಕಡೆಗೆ ತಿರುಗಿಸಿದ ಕೆಲವು ವಾರಗಳ ಮೇಲೆ ಆ ಗಿಡಗಳಲ್ಲಿಯೂ ಮೊಗ್ಗು ಮೂಡಿತು. ನಿದ್ರೆಯ ಮಹತ್ವವನ್ನು ಮನುಷ್ಯರಿಗೆ ತಿಳಿಹೇಳುವ ವೈದ್ಯರು ಈ ದೃಷ್ಟಾಂತವನ್ನು ಧಾರಾಳವಾಗಿ ಬಳಸಿಕೊಳ್ಳಬಹುದು.

ಪಾತಿ ಮತ್ತು ಆರೋಗ್ಯ

ಹೂವಿನ ಪಾತಿ ಆರೋಗ್ಯಕ್ಕೆ ಹಿತಕರವೆಂಬುದು ನಿರ್ವಿವಾದ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಅಗೆಯುವುದು, ಕಳೆ ಕೀಳುವುದು, ನೀರು ಹೊರುವುದು ಈ ಬಗೆಯ ಚಟುವಟಿಕೆಗಳೇ. ವಾರದಲ್ಲಿ ಐದು ದಿನ ಬೆಳಿಗ್ಗೆ ಅರ್ಧ ಗಂಟೆ ಪಾತಿಯಲ್ಲಿ ದುಡಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಎಚ್ಚರ ತಪ್ಪಿದರೆ ಇದೇ ಪಾತಿ ಅಪಾಯಕ್ಕೂ ಎಡೆಗೊಡುತ್ತದೆ. ಆ ಮನೆಯವರು ಇದನ್ನು ಅನುಭವದಿಂದ ಕಲಿತರು.

ಗೃಹಿಣಿಗೆ ಬಹುಕಾಲದಿಂದ ಸಿಹಿಮೂತ್ರ ರೋಗ. ಒಂದು ದಿನ ಬರಿಗಾಲಿನಲ್ಲಿ ಪಾತಿಯ ಅಂಚಿನಲ್ಲಿ ನಡೆದಾಡಿದಾಗ ಅಂಗಾಲಿಗೆ ಮುಳ್ಳು ಚುಚ್ಚಿತು. ಅದು ಅವರಿಗೆ ತಿಳಿಯಲೇ ಇಲ್ಲ. ಮೂರು ದಿನಗಳ ಬಳಿಕ ಪಾದ ಊದಿಕೊಂಡಾಗಲೇ ಗಾಯ ಕಣ್ಣಿಗೆ ಬಿದ್ದುದು. ವಾಸಿಯಾಗಲು ಏಳು ವಾರ ಹಿಡಿಯಿತು. ಒಂದು ಬೆರಳನ್ನು ಕಳೆದುಕೊಳ್ಳುವ ಭಯವೂ ಇತ್ತು. ಬಹುಕಾಲದ ಸಿಹಿಮೂತ್ರದಲ್ಲಿ ಪಾದದ ನರಗಳು ದುರ್ಬಲವಾಗಿ ನೋವಿನ ಅರಿವು ಕುಂದುತ್ತದೆ. ಆದುದರಿಂದ ಅಂತಹವರು ಮುಚ್ಚಿದ ಪಾದರಕ್ಷೆಯಿಲ್ಲದೆ ಮಣ್ಣಿಗಿಳಿಯಬಾರದು; ಕೆಲಸ ಮುಗಿದೊಡನೆ ಕಾಲು ತೊಳೆದು, ಒರೆಸಿ, ಅಂಗಾಲನ್ನೂ ಬೆರಳ ಸಂದುಗಳನ್ನೂ ಪರೀಕ್ಷಿಸಬೇಕು. ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವುದರಿಂದ ತೋಟದ ಕೆಲಸ ಮಾಡುವ ಎಲ್ಲರೂ ಹತ್ತು ವರ್ಷಕ್ಕೊಮ್ಮೆ ಅದರ ಚುಚ್ಚುಮದ್ದನ್ನು ಹಾಕಿಸಿಕೊಂಡಿರುವುದು ಕ್ಷೇಮ.

ಅದೇ ಕಾಲದಲ್ಲಿ ಹಿತೈಷಿಯೊಬ್ಬರು, ದಿನಕ್ಕೆ ನಾಲ್ಕು ನಿತ್ಯಪುಷ್ಪದ ಎಲೆ ಅಗಿದರೆ ಸಕ್ಕರೆ ಇಳಿಯುತ್ತದೆಂದು ಸಲಹೆಯಿತ್ತರು. ಹೂವು ಮನೆಯ ಮುಂದೆಯೇ ಇತ್ತು. ಅದೃಷ್ಟಕ್ಕೆ ಅವರು ಮೊದಲು ವೈದ್ಯರನ್ನು ಕೇಳಿದರು. ವೈದ್ಯರು ಸ್ಪಷ್ಟವಾಗಿ ನಿಷೇಧಿಸಿದರು. ಮಡಗಾಸ್ಕರ್ ಮೂಲದ ಈ ಗಿಡ ಸಿಹಿಮೂತ್ರಕ್ಕೆ ಮದ್ದೆಂಬ ನಂಬಿಕೆ ಹಲವು ದೇಶಗಳಲ್ಲಿದೆ. ಅದನ್ನು ಪರೀಕ್ಷಿಸಲು ಹೊರಟ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರಿಗೆ ದೊರೆತದ್ದು ಬೇರೆಯೇ ಫಲ. ಎಲೆಯ ಸಾರವನ್ನು ಚುಚ್ಚಿದ ಇಲಿಗಳ ರಕ್ತದಲ್ಲಿ ಬಿಳಿಯ ಕಣಗಳು ತೀವ್ರವಾಗಿ ಇಳಿದವು. 1958ರಲ್ಲಿ ಪ್ರಕಟವಾದ ಈ ಶೋಧ ವಿನ್‌ಬ್ಲಾಸ್ಟಿನ್ ಎಂಬ ಔಷಧಕ್ಕೆ ದಾರಿಯಾಯಿತು. ಇದೇ ಗಿಡದಿಂದ ಅನಂತರ ದೊರೆತ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ. ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವ ಮದ್ದಿನ ಗಿಡವನ್ನು ಮನೆಯಲ್ಲಿ ಅಗಿಯುವುದು ಆತ್ಮಘಾತುಕವಾದೀತು. ಕಣ್ಣಿಗೆ ಹಿತವಾದದ್ದೆಲ್ಲ ಬಾಯಿಗೆ ಹಿತವಲ್ಲ.

ಈ ಕಾರಣದಿಂದಲೇ, ಮೊಮ್ಮಗು ಮನೆಗೆ ಬಂದುಹೋಗತೊಡಗಿದ ಮೇಲೆ, ಕಣಗಿಲೆಯನ್ನು ನೆಡುವ ಯೋಚನೆಯನ್ನು ಅವರು ಕೈಬಿಟ್ಟರು. ಕಣಗಿಲೆಯ ಎಲೆ, ಹೂ, ತೊಗಟೆ, ಬೇರುಗಳೆಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷವುಳ್ಳವು. ಹಳದಿ ಕಣಗಿಲೆಯ ಬೀಜವಂತೂ ಪ್ರಾಣಾಂತಿಕ. ಪೂಜೆಗೆ ಒದಗುವ ಗಿಡವೆಂದು ಅನೇಕರು ಇವನ್ನು ಬೆಳೆಸುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವಿಲ್ಲದಿರುವುದೇ ಮೇಲು.

ಇನ್ನೊಂದು ಅಪಾಯ ನೀರಿನದು. ಒಂದು ಮಳೆಗಾಲದ ಕೊನೆಯಲ್ಲಿ ನೆರೆಯ ಕಟ್ಟಡದಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡಾಗ ಆರೋಗ್ಯ ಇಲಾಖೆಯ ಕಾರ್ಯಕರ್ತರು ಮನೆಮನೆಗೂ ಬಂದು ಪರೀಕ್ಷಿಸಿದರು. ಕೇಪಳದ ಕುಂಡದ ಕೆಳಗಿನ ತಟ್ಟೆಯಲ್ಲಿ ಸೊಳ್ಳೆಮರಿಗಳು ಸುಳಿದಾಡುತ್ತಿದ್ದವು. ದಂಪತಿಗಳು ನಾಚಿ ತಲೆತಗ್ಗಿಸಿದರು. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕು ನೀರನ್ನಲ್ಲ, ಇಂತಹ ತಿಳಿನೀರನ್ನೇ ಬಯಸುತ್ತದೆ, ಕಚ್ಚುವುದೂ ಹಗಲಿನಲ್ಲಿಯೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ತಟ್ಟೆ, ಬಕೆಟ್ಟು, ಡಬ್ಬಿಗಳ ನೀರನ್ನು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಒಳಬದಿಗೆ ಅಂಟಿಕೊಂಡ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರಬಲ್ಲವಾದ್ದರಿಂದ ಉಜ್ಜಿ ತೊಳೆಯಬೇಕು.

ಬೆನ್ನು, ಮಂಡಿಗಳ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಬಗ್ಗಿ ನಿಂತು ಕೆಲಸ ಮಾಡುವ ಬದಲು ತಗ್ಗಾದ ಮಣೆಯ ಮೇಲೆ ಕುಳಿತು ಮಾಡುವುದು, ತುಂಬಿದ ಬಕೆಟ್ಟಿಗೆ ಬದಲಾಗಿ ಅರ್ಧ ತುಂಬಿದ ಎರಡು ಬಕೆಟ್ಟುಗಳನ್ನು ಹೊರುವುದು, ಬೇಸಗೆಯಲ್ಲಿ ಬಿಸಿಲೇರುವ ಮುನ್ನವೇ ಕೆಲಸ ಮುಗಿಸುವುದು, ಇವಿಷ್ಟನ್ನು ಪಾಲಿಸಿದರೆ ಎಪ್ಪತ್ತು ದಾಟಿದವರೂ ಪಾತಿಯನ್ನು ನೋಡಿಕೊಳ್ಳಬಹುದು.

ನೆಲ ಹೋದ ಮೇಲೆ

2024ರ ಮೇ ತಿಂಗಳಲ್ಲಿ ಆ ವಸತಿ ಸಂಘ, ಶಿಥಿಲವಾದ ಕಟ್ಟಡವನ್ನು ಕೆಡವಿ ಬಹುಮಹಡಿಯ ಹೊಸ ಕಟ್ಟಡವನ್ನು ಕಟ್ಟಿಸಲು ನಿರ್ಧರಿಸಿತು. ಪುಣೆ, ಮುಂಬಯಿಗಳ ಹಳೆಯ ಸಂಘಗಳಲ್ಲಿ ಇದೀಗ ಸಾಮಾನ್ಯವಾದ ಸಂಗತಿ. ದೊಡ್ಡ ಮನೆ ದೊರೆಯುತ್ತದೆ, ಲಿಫ್ಟು ಇರುತ್ತದೆ, ವೃದ್ಧರಿಗೆ ಅನುಕೂಲವೇ. ದಂಪತಿಗಳೂ ಒಪ್ಪಿ ಸಹಿ ಹಾಕಿದರು. ಆದರೆ ನಕ್ಷೆಯಲ್ಲಿ ಪಾತಿಯಿದ್ದ ಜಾಗದಲ್ಲಿ ವಾಹನಗಳ ನಿಲುಗಡೆಗೆ ನೆಲಮಾಳಿಗೆಯಿತ್ತು. ಹೊಸ ಕಟ್ಟಡದಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ಮಣ್ಣು ಇರುತ್ತದೆ, ನೆಲ ಇರುವುದಿಲ್ಲ.

ಮನೆಯನ್ನು ತೆರವು ಮಾಡಲು ಹತ್ತು ತಿಂಗಳ ಅವಕಾಶವಿತ್ತು. ಎರಡು ದಿನ ಆಕೆ ಪಾತಿಯ ಕಡೆಗೆ ಹೋಗಲಿಲ್ಲ. ಮೂರನೆಯ ದಿನ ಮಳೆ ಬಿದ್ದಿತು. ಆಕೆ ಪಾದರಕ್ಷೆ ಹಾಕಿಕೊಂಡು ಹೊರಗೆ ಹೋಗಿ, ಮಲ್ಲಿಗೆಯ ಬುಡದ ಉದ್ದನೆಯ ಕೊಂಬೆಗಳನ್ನು ಒಂದೊಂದಾಗಿ ಬಾಗಿಸಿ, ಗಿಣ್ಣಿನ ಬಳಿ ತೊಗಟೆಯನ್ನು ಸ್ವಲ್ಪ ಕೆರೆದು, ಮಣ್ಣಿನಲ್ಲಿ ಹೂತು, ಮೇಲೆ ಕಲ್ಲನ್ನಿಟ್ಟರು. ತಾಯಿಗಿಡದಿಂದ ಬೇರೆಯಾಗದೆಯೇ ಹೂತ ಕೊಂಬೆ ಮೂರು ನಾಲ್ಕು ತಿಂಗಳಲ್ಲಿ ಬೇರು ಬಿಡುತ್ತದೆ. ಅಕ್ಟೋಬರ್ ಹೊತ್ತಿಗೆ ಹನ್ನೊಂದು ಕೊಂಬೆಗಳಲ್ಲಿ ಎಂಟು ಬೇರುಬಿಟ್ಟಿದ್ದವು. ಜನವರಿಯಲ್ಲಿ ಸೇವಂತಿಗೆ ಮುಗಿದ ಮೇಲೆ ಕಂದುಗಳನ್ನು ಬಿಡಿಸಿದರು. ಫೆಬ್ರವರಿಯಲ್ಲಿ ಸುಗಂಧರಾಜದ ಗಡ್ಡೆಗಳನ್ನು ಅಗೆದು ನೆರಳಿನಲ್ಲಿ ಆರಿಸಿದರು. ಅಬ್ಬಲಿಗೆಯ ಬೀಜವನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿದರು. ದಾಸವಾಳ ಮತ್ತು ನಂದಿಬಟ್ಟಲಿನ ಹಳೆಯ ಗಿಡಗಳನ್ನು ಬೇರುಸಹಿತ ಕಿತ್ತು ಸಾಗಿಸಲು ಯತ್ನಿಸಿದ್ದು ಫಲಿಸಲಿಲ್ಲ, ಎರಡೂ ಒಣಗಿದವು. ಎಲ್ಲವನ್ನೂ ಉಳಿಸಲಾಗಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ.

2025ರ ಮಾರ್ಚ್‌ನಲ್ಲಿ ಮನೆ ಬಿಡುವಾಗ, ಹದಿಮೂರು ವರ್ಷಗಳ ಪಾತಿ ಏಳು ಮನೆಗಳಿಗೂ ಒಂದು ಶಾಲೆಗೂ ಹಂಚಿಹೋಗಿತ್ತು. ಅವುಗಳಲ್ಲಿ ಕನ್ನಡದ ಮನೆಗಳು ಎರಡೇ. ಉಳಿದವು ಮೋಗರಾ, ಶೇವಂತಿ ಎನ್ನುವವರ ಮನೆಗಳು. ಶಾಲೆಯ ಗೋಡೆಯ ಬದಿಯಲ್ಲಿ ಮಾತ್ರ ಸಾಕಷ್ಟು ನೆಲವಿದ್ದುದರಿಂದ ಸೇವಂತಿಗೆಯ ಬಹುಪಾಲು ಅಲ್ಲಿಗೇ ಹೋಯಿತು.

ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಒಂದು ಪಾಠವಿದೆ. ಬಹುವಾರ್ಷಿಕ ಪಾತಿಯನ್ನು ಕೆಲವು ವರ್ಷಗಳಿಗೊಮ್ಮೆ ಅಗೆದು, ಬೇರ್ಪಡಿಸಿ, ಹಂಚಲೇಬೇಕು. ಹಂಚದೆ ಇಟ್ಟುಕೊಂಡರೆ ಗಡ್ಡೆಗಳು ಒತ್ತೊತ್ತಾಗಿ ತಾವೇ ಕ್ಷೀಣಿಸುತ್ತವೆ. ಹಂಚಿದಷ್ಟೂ ಮೂಲಧನ ಬೆಳೆಯುವ ವ್ಯವಹಾರ ಇದೊಂದೇ ಇರಬೇಕು. ಬಾಳುವುದು ಪಾತಿಯಲ್ಲ, ಪಾತಿಯಿದ್ದ ಜಾಗವೂ ಅಲ್ಲ; ಬೇರು ಮತ್ತು ಅದನ್ನು ಬಿಡಿಸಿ ನೆಡಲು ಬಲ್ಲ ಕೈ. ಊರು ಬಿಟ್ಟು ಬಂದು ಹೊಸ ನೆಲದಲ್ಲಿ ಮನೆ ಕಟ್ಟಿಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಂಪತಿಗಳು ಈಗ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದಾರೆ. ಬಾಲ್ಕನಿಯಲ್ಲಿ ಮತ್ತೆ ಕುಂಡಗಳು: ಎರಡು ಮಲ್ಲಿಗೆ, ಅದೇ ಹಳೆಯ ಕೇಪಳ. ತಟ್ಟೆಗಳನ್ನು ಪ್ರತಿ ಭಾನುವಾರ ಉಜ್ಜಿ ತೊಳೆಯಲಾಗುತ್ತದೆ. ಮೆಟ್ಟಿಲಿಳಿಯುವುದು ಆಕೆಗೆ ಕಷ್ಟವಾದುದರಿಂದ ಯಜಮಾನರೊಬ್ಬರೇ ಬೆಳಗಿನ ತಿರುಗಾಟದಲ್ಲಿ ಶಾಲೆಯ ಮುಂದಾಗಿ ಹಾದುಬರುತ್ತಾರೆ. 2025ರ ಜುಲೈ ತಿಂಗಳ ಒಂದು ಬೆಳಿಗ್ಗೆ, ಕಂದುಗಳೆಲ್ಲ ಹಿಡಿದು ಗೇಣುದ್ದ ಬೆಳೆದಿವೆಯೆಂಬ ವರದಿಯನ್ನು ಅವರು ತಂದಾಗ, ಆಕೆ ಸಂತೋಷವನ್ನೂ ತೋರಿಸಲಿಲ್ಲ, ನಿಟ್ಟುಸಿರನ್ನೂ ಬಿಡಲಿಲ್ಲ.

“ಕುಡಿ ಚಿವುಟ್ಯಾರೇನ್ರಿ?” ಎಂದು ಕೇಳಿದರು. “ಇಲ್ಲಂದ್ರ ನಾಳೆ ಹೋದಾಗ ನೀವs ಚಿವುಟಿ ತೋರಿಸಿ ಬರ್ರಿ.”